ಮೂರನೇ ದಿನದ ‘ಚೌಡಿ ಕಾಟ’

ಮಾನ್ಯ ಸಂಪಾದಕರೇ,

ನಾನು ಹೊಸನಗರ ಕಡೆ ಒಂದು ಮೆಡಿಕಲ್ ಶಾಪಲ್ಲಿ ಕೆಲಸ ಮಾಡೋನು. ಅಡಿಕೆ ಕೊಯ್ಲು ಹತ್ರ ಬಂತು ಅಂದ್ರೆ ಸಾಕು, "ಇವ್ರು ಕುಡಿಯೋದು ಬಿಡ್ಬೇಕು, ಗೊತ್ತಾಗ್ದಂಗೆ ಕಾಫಿಗೆ ಹಾಕೋ ಮಾತ್ರೆ ಕೊಡಿ" ಅಂತ ಹೆಂಗಸ್ರು ಸೆರಗು ಮರೆಮಾಡ್ಕೊಂಡು ಕೇಳ್ತಾರೆ. ಅವರು ಕೇಳೋದು ಡೈಸಲ್ಫಿರಾಮ್. ಅದು ಚಟದ ಆಸೆಯನ್ನೇನೂ ಕಮ್ಮಿ ಮಾಡಲ್ಲ, ಮಾತ್ರೆ ತಗೊಂಡಿರೋವಾಗ ಕುಡಿದ್ರೆ ಆಲ್ಕೋಹಾಲಿಂದ ಹುಟ್ಟೋ ಅಸಿಟಾಲ್ಡಿಹೈಡ್ ಅನ್ನೋ ವಿಷ ಮೈಯಲ್ಲಿ ಉಳ್ಕೊಂಡು ಮುಖ ಕೆಂಪಾಗಿ ಎದೆ ಹೊಡ್ಕೊಂಡು ವಾಂತಿ ಆಗಿ ಬಿಪಿ ಇಳಿಯತ್ತೆ, ಹಾರ್ಟ್ ತೊಂದ್ರೆ ಇರೋರ ಜೀವಕ್ಕೇ ಕುತ್ತು. ತಿಳಿದು, ಒಪ್ಪಿ, ಡಾಕ್ಟ್ರು ನೋಡ್ಕೊಂಡು ಕೊಡೋ ಮಾತ್ರೆ ಅದು, ಕದ್ದು ಹಾಕೋದಲ್ಲ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಜನಕ್ಕೆ ಗೊತ್ತೇ ಇಲ್ಲ. ದೇವ್ರ ಮುಂದೆ ಆಣೆ ಹಾಕಿಸಿ, ರೂಮಿಗೆ ಕೂಡಿ ವರ್ಷಗಟ್ಟಲೆಯ ಕುಡಿತಾನ ಒಂದೇ ಏಟಿಗೆ ನಿಲ್ಲಿಸ್ತಾರೆ. ಮೊದ್ಲು ಕೈ ನಡುಗತ್ತೆ, ಬೆವರು, ನಿದ್ರೆ ಇಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನಕ್ಕೆ ಕೆಲವ್ರಿಗೆ ಗೋಡೆ ಮೇಲೆ ಹುಳ ಹರಿದಂಗೆ ಕಾಣತ್ತೆ, ಹೆಂಡ್ತಿ ಗುರುತೇ ಸಿಗಲ್ಲ, ಜ್ವರ. ಆಗ ನಮ್ಮೂರಲ್ಲಿ ಏನ್ಮಾಡ್ತಾರೆ? ಚೌಡಿ ಹಿಡಿದಿದೆ ಅಂತ ತಾಯತ ಕಟ್ಟಿಸೋಕೆ ಓಡ್ತಾರೆ!

ಇದು ಡೆಲಿರಿಯಂ ಟ್ರೆಮೆನ್ಸ್, ಆಸ್ಪತ್ರೆಗೆ ಸೇರಿಸ್ಬೇಕಾದ ಕಾಯಿಲೆ. ವರ್ಷಗಟ್ಟಲೆ ಕುಡಿದ್ರೆ ಆಲ್ಕೋಹಾಲು ಮಿದುಳನ್ನ ಶಾಂತ ಮಾಡೋ ಗಾಬಾಕ್ಕೆ ಬಲ ಕೊಡ್ತಾ, ಕೆರಳಿಸೋ ಗ್ಲುಟಮೇಟನ್ನ ಅಡಗಿಸ್ತಾ ಇರತ್ತೆ. ಮಿದುಳು ಸುಮ್ನಿರಲ್ಲ, ಅದಕ್ಕೆದುರಾಗಿ ಗ್ಲುಟಮೇಟಿನ ಕಡೆಯನ್ನ ಜೋರು ಮಾಡ್ಕೊಂಡಿರತ್ತೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವ್ರು ತಟ್ಟನೆ ಕೈ ಬಿಟ್ರೆ ಏನಾಗತ್ತೆ, ಹಂಗೆ. ಅದಕ್ಕೇ ಡಾಕ್ಟ್ರು ಮಿದುಳನ್ನ ಶಾಂತ ಮಾಡೋ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನೋ ಔಷಧಿ, ಲಿವರ್ ಕೆಟ್ಟಿದ್ರೆ ಲೊರಾಜೆಪಾಮ್ ಕೊಟ್ಟು ದಿನದಿನಾ ಡೋಸ್ ಇಳಿಸ್ತಾರೆ. ಚೀಟಿ ಇಲ್ದೆ ಇವನ್ನ ಕೊಡೋ ಹಾಗಿಲ್ಲ, ನಂಗೆ ಬೈದ್ರೂ ಅಷ್ಟೇ.

ಇನ್ನೊಂದು, ಸುಸ್ತಾಗಿದೆ ಅಂತ ಬರೀ ಗ್ಲೂಕೋಸ್ ಬಾಟಲಿ ಹಾಕಿಸೋದು ಬೇರೆ. ವಿಪರೀತ ಕುಡಿಯೋರಲ್ಲಿ ಎಷ್ಟೋ ಜನಕ್ಕೆ ವಿಟಮಿನ್ ಬಿ1, ಅಂದ್ರೆ ಥಯಮಿನ್ ಕೊರತೆ ಇರತ್ತೆ. ಅದನ್ನ ಕೊಡದೆ ಗ್ಲೂಕೋಸ್ ಏರಿಸಿದ್ರೆ ವೆರ್ನಿಕೆ ಅನ್ನೋ ಮಿದುಳಿನ ತೊಂದ್ರೆ ಶುರುವಾಗಬಹುದು, ನೆನಪೇ ಹೋಗ್ಬಹುದು. ಒಂದು ಇಂಜೆಕ್ಷನ್ನಿನ ಮಾತು ಮಾರಾಯ್ರೆ.

ವಿತ್‌ಡ್ರಾವಲ್, ಅಂದ್ರೆ ಕುಡಿತ ಬಿಟ್ಟಾಗ ಆಗೋ ಈ ತೊಂದ್ರೆ ದಾಟಿದ ಮೇಲೆ ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನೋ ಔಷಧಿ ಇದಾವೆ, ಅದೂ ಲಿವರ್ರು, ಕಿಡ್ನಿ ನೋಡಿ ಡಾಕ್ಟ್ರೇ ಹೇಳ್ಬೇಕು.

ಆರೋಗ್ಯ ಇಲಾಖೆಯವ್ರಿಗೆ ನನ್ನ ಮನವಿ ಇಷ್ಟು: ಮಲೆನಾಡಿನ ಒಳಗಿನ ಆರೋಗ್ಯ ಕೇಂದ್ರಗಳಲ್ಲಿ ಥಯಮಿನ್ ಇಂಜೆಕ್ಷನ್ನು, ಫಿಟ್ಸ್ ನಿಲ್ಲಿಸೋ ಔಷಧಿ ಯಾವಾಗ್ಲೂ ಇರೋ ಹಾಗೆ ನೋಡ್ಕೊಳ್ಳಿ. ತೀರ್ಥಹಳ್ಳಿಯಿಂದ್ಲೇ ದೊಡ್ಡಾಸ್ಪತ್ರೆ ಇರೋ ಶಿವಮೊಗ್ಗ ಸುಮಾರು 60 ಕಿ.ಮೀ., ಅದರಾಚೆಯವ್ರು ಮಳೇಲಿ, ರಾತ್ರಿ ಹೊತ್ತು ಫಿಟ್ಸ್ ಬಂದವರನ್ನ ಹೊತ್ಕೊಂಡು ಹೋಗೋದು ಹೆಂಗೆ? ಆಶಾ ಕಾರ್ಯಕರ್ತೆಯರಿಗೂ ಈ ಮೂರು ದಿನದ ವಿಷಯ ಹೇಳಿಕೊಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಪಂಚಾಯ್ತಿ ಗೋಡೆ ಮೇಲೆ ಬರೆಸಿ.

– ಒಬ್ಬ ಮೆಡಿಕಲ್ ಶಾಪ್ ಕೆಲಸಗಾರ, ಹೊಸನಗರ ತಾಲೂಕು