ಮೊಮ್ಮಗಳಿಗೆ ನಿನ್ನ ಕಥೆ ಬೇಕಂತೆ

ಪ್ರೀತಿಯ ಅಮ್ಮನಿಗೆ,

ಕರ್ತನಲ್ಲಿ ವಂದನೆಗಳು. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ? ಈ ಪತ್ರವನ್ನು ಮೊದಲು ನೀನೊಬ್ಬಳೇ ಓದು, ಆಮೇಲೆ ಬೇಕಾದರೆ ಅವರಿಗೂ ಓದಿ ಹೇಳು.

ಫೋನ್ ಮಾಡಿದಾಗೆಲ್ಲ ನಿನ್ನದು ಒಂದೇ ಪ್ರಶ್ನೆ. "ಮಕ್ಕಳನ್ನ ಕೂರಿಸಿಕೊಂಡು ಪ್ರಾರ್ಥನೆ ಮಾಡ್ತೀಯೋ ಇಲ್ವೋ?" ಮಕ್ಕಳು ಪಕ್ಕದಲ್ಲೇ ಇರುತ್ತಾರೆ, ಬಿಡಿಸಿ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾಡ್ತೀವಿ ಅಮ್ಮ. ಆದರೆ ನೀನು ಮಾಡಿಸುತ್ತಿದ್ದ ಹಾಗೆ ದಿನಾ ಸಂಜೆ ಎಲ್ಲರೂ ಒಟ್ಟಿಗೆ ಕೂತು ಅಲ್ಲ. ಇವರಿಗೆ ಪಾಳಿ ಕೆಲಸ, ನಾಲ್ಕು ಜನ ಒಟ್ಟಿಗೆ ಸಿಗುವುದೇ ಅಪರೂಪ. ಚಿಕ್ಕವನು ಮಲಗುವಾಗ ಬೈಬಲ್ಲಿನ ಒಂದು ಕೀರ್ತನೆ ಓದುತ್ತೇನೆ. ದೊಡ್ಡವಳ ಜೊತೆ ಮಾತಾಗುವುದು ಕಾರಿನಲ್ಲಿ. ಎದುರಿಗೆ ಕೂರಿಸಿಕೊಂಡರೆ ಅವಳು ಬಾಯಿ ಬಿಡುವುದಿಲ್ಲ. ನನ್ನ ಕಣ್ಣು ರಸ್ತೆ ಮೇಲಿದ್ದರೆ ಎಲ್ಲ ಹೇಳುತ್ತಾಳೆ. ಬೈಬಲ್ಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲೂ ಹೇಳಿರುವುದು ಇದನ್ನೇ ಅಲ್ವಾ? ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಹತ್ತಿರ ಮಾತಾಡು ಅಂತ. ಆಗ ಕಾರು ಇರಲಿಲ್ಲ, ಅಷ್ಟೇ.

ಮೊನ್ನೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದಳು. "ನನ್ನ ಫ್ರೆಂಡ್ ಅಪ್ಪ ಹುಷಾರಾಗಲಿ ಅಂತ ಎಲ್ಲರೂ ಪ್ರಾರ್ಥನೆ ಮಾಡಿದ್ವಿ. ಆದ್ರೂ ಅವರು ತೀರಿಕೊಂಡ್ರು. ಇನ್ನು ಯಾಕೆ ಮಾಡಬೇಕು?" ಎಲ್ಲ ದೇವರ ಚಿತ್ತ ಅಂದುಬಿಡುವುದು ಸುಲಭ. ಆ ವಯಸ್ಸಿನವರಿಗೆ ಅದು ಮುಖಕ್ಕೆ ಬಾಗಿಲು ಹಾಕಿದ ಹಾಗೆ. ನನಗೂ ಗೊತ್ತಿಲ್ಲ ಕಂದ ಅಂದೆ. ಹಿಂದಿನ ಗಾಡಿಯವನು ಹಾರನ್ ಹೊಡೆದ, ಹೊರಟೆವು. ರಾತ್ರಿ 13ನೇ ಕೀರ್ತನೆ ತೆಗೆದು ಅವಳ ಕೈಗೆ ಕೊಟ್ಟೆ. ಯೆಹೋವನೇ, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದಾವೀದ ನೇರವಾಗಿ ಕೇಳುತ್ತಾನಲ್ಲ, ಅದು. "ದೇವರನ್ನ ಹೀಗೆಲ್ಲ ಕೇಳಬಹುದಾ?" ಅಂದಳು. ಇರುವುದು ಆರೇ ವಚನ. ಮತ್ತೆ ಮೊದಲಿಂದ ಓದಿದಳು.

ಇನ್ನು ತಮ್ಮನ ವಿಷಯ. ಅವನು ಸಭೆಗೆ ಬರುತ್ತಿಲ್ಲ ಅಂತ ನೀನು ಅಳುತ್ತೀಯ. ಸರಿ. ಆದರೆ ಊಟಕ್ಕೆ ಕೂತಾಗೆಲ್ಲ ಅದೇ ಮಾತು ತೆಗೀಬೇಡಮ್ಮ. ಈಗ ಅವನು ನೀನು ಮಲಗಿದ ಮೇಲೆ ಊಟಕ್ಕೆ ಬರುತ್ತಾನಂತೆ. ಸಂತ ಅಗಸ್ಟೀನನ ತಾಯಿ ಮೋನಿಕ ಕೂಡ ಮಗನಿಗೆ ಬುದ್ಧಿ ಹೇಳಿ ಅಂತ ಒಬ್ಬ ಬಿಷಪ್ಪರ ಬೆನ್ನು ಹತ್ತಿದ್ದಳು. ಅವರು ಒಪ್ಪಲಿಲ್ಲ. ಸದ್ಯಕ್ಕೆ ಅವನನ್ನು ಅವನ ಪಾಡಿಗೆ ಬಿಡು, ನೀನು ಪ್ರಾರ್ಥನೆ ಮಾಡು ಅಂದರು. ಅಗಸ್ಟೀನ ದೀಕ್ಷಾಸ್ನಾನ ಪಡೆದದ್ದು 387ರಲ್ಲಿ, ಮಿಲಾನ್‌ನಲ್ಲಿ, 32ನೇ ವಯಸ್ಸಿಗೆ. ಅದೇ ವರ್ಷ ಅವಳು ತೀರಿಕೊಂಡಳು. ಎಲ್ಲ ತಾಯಂದಿರಿಗೂ ಅಷ್ಟು ನೋಡುವ ಭಾಗ್ಯ ಸಿಗುತ್ತೆ ಅಂತ ನಾನು ಹೇಳಲ್ಲ. ಆದರೆ ನಮ್ಮವನಿಗೆ ಇನ್ನೂ 32 ಆಗಿಲ್ಲ, ನೋಡು.

ಈಗ ಮುಖ್ಯ ವಿಷಯ. ಆ ಕೀರ್ತನೆ ಓದಿದ ಮೇಲೆ ದೊಡ್ಡವಳು, "ಅಜ್ಜಿಗೂ ಯಾವತ್ತಾದ್ರೂ ಹೀಗೆ ಅನ್ನಿಸಿತ್ತಾ?" ಅಂತ ಕೇಳಿದಳು. ಅಣ್ಣ ತೀರಿಕೊಂಡ ವರ್ಷ ನೀನು ಸತ್ಯವೇದವನ್ನು ಕಪಾಟಿನ ಮೇಲಿಟ್ಟು ತಿಂಗಳುಗಟ್ಟಲೆ ಮುಟ್ಟದೆ ಇದ್ದದ್ದು ನನಗೆ ನೆನಪಿದೆ. ಮತ್ತೆ ಅದನ್ನು ಯಾವತ್ತು ಕೆಳಗಿಳಿಸಿದೆ, ಯಾಕೆ ಇಳಿಸಿದೆ, ನನಗೂ ಗೊತ್ತಿಲ್ಲ. ಅವಳಿಗೆ ಏನೂ ಹೇಳಿಲ್ಲ. ಅದು ನೀನೇ ಹೇಳಬೇಕಾದ ಮಾತು. ಸತ್ಯವೇದದಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆಯುವಾಗ, ಈ ನಂಬಿಕೆ ಮೊದಲು ನಿನ್ನ ಅಜ್ಜಿ ಲೋವಿಯಲ್ಲಿತ್ತು, ಆಮೇಲೆ ನಿನ್ನ ತಾಯಿ ಯೂನಿಕೆಯಲ್ಲಿತ್ತು ಅನ್ನುತ್ತಾನೆ. ಅಜ್ಜಿಯೇ ಮೊದಲು.

ಶನಿವಾರ ಅವಳೇ ನಿನಗೆ ಫೋನ್ ಮಾಡುತ್ತಾಳೆ. ಉಪದೇಶ ಬೇಡ, ನಡೆದದ್ದು ಹೇಳು ಸಾಕು. ಅಪ್ಪನ ಎದುರಿಗೆ ಕಷ್ಟವಾದರೆ ಫೋನ್ ಹಿಡಿದುಕೊಂಡು ಒಳಗೆ ಹೋಗು. ಅವಳ ಕನ್ನಡ ಈಗ ಸ್ವಲ್ಪ ತಡವರಿಸುತ್ತೆ, ನಿಧಾನವಾಗಿ ಮಾತಾಡು.

ನಿನ್ನ ಪ್ರೀತಿಯ ಮಗಳು