ವಿದೇಶದಲ್ಲಿ ಓದುವವರ ಇಂಟರ್ನ್‌ಶಿಪ್‌ಗೆ ಜಿಲ್ಲೆಯ ಸಂಸ್ಥೆಗಳು ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಶಿರಸಿ, ಕುಮಟಾ, ಭಟ್ಕಳ, ಕಾರವಾರದಂಥ ಊರುಗಳಿಂದ ಅಮೆರಿಕ, ಜರ್ಮನಿ, ಬ್ರಿಟನ್‌ಗಳಿಗೆ ಸ್ನಾತಕೋತ್ತರ ಓದಿಗೆ ಹೋಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ಮುನ್ನ ಮನೆಗಳಲ್ಲಿ ನಡೆಯುವ ಲೆಕ್ಕಾಚಾರವೆಲ್ಲ ಬೋಧನಾ ಶುಲ್ಕ, ಶಿಕ್ಷಣ ಸಾಲ, ವೀಸಾ, ವಿಮಾನದ ಟಿಕೆಟ್ ಇಷ್ಟರ ಸುತ್ತಲೇ ತಿರುಗುತ್ತದೆ. ಓದಿನ ನಡುವೆ ಬರುವ ಇಂಟರ್ನ್‌ಶಿಪ್ ಅವಧಿಯ ಖರ್ಚನ್ನು ಯಾರು ಭರಿಸುತ್ತಾರೆ ಎಂದು, ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡುತ್ತಿದ್ದಷ್ಟು ಕಾಲ, ಒಬ್ಬ ಪಾಲಕರೂ ಕೇಳಿದ್ದು ನೆನಪಿಲ್ಲ. ಆ ಖರ್ಚಿಗೆಂದೇ ಹಲವು ವಿಶ್ವವಿದ್ಯಾಲಯಗಳು ಫೆಲೋಶಿಪ್ ಕೊಡುತ್ತವೆ. ಅದನ್ನು ಪಡೆದ ವಿದ್ಯಾರ್ಥಿ ನಮ್ಮ ಜಿಲ್ಲೆಗೇ ಬಂದು ಕೆಲಸ ಮಾಡಲು ಸಾಧ್ಯವೂ ಇದೆ. ಆದರೆ ಹಾಗೆ ಬರುವವರನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಇಲ್ಲಿನ ಸಂಸ್ಥೆಗಳಲ್ಲಿ ಕಾಣುತ್ತಿಲ್ಲ. ಈ ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಅಮೆರಿಕದ ಎರಡು ವರ್ಷದ ಸ್ನಾತಕೋತ್ತರ ಓದಿನಲ್ಲಿ ಮೊದಲ ವರ್ಷ ಮುಗಿದ ಮೇಲೆ, ಮೇ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಬರುವ ಬೇಸಿಗೆ ರಜೆಯೇ ಇಂಟರ್ನ್‌ಶಿಪ್‌ನ ಕಾಲ. ಕಂಪ್ಯೂಟರ್, ಎಂಜಿನಿಯರಿಂಗ್, ಹಣಕಾಸು ಓದುವವರಿಗೆ ಕಂಪನಿಗಳೇ ಸಂಬಳ ಕೊಡುವುದುಂಟು, ಅವರ ಚಿಂತೆ ಇಲ್ಲಿ ಬೇಡ. ಸಾರ್ವಜನಿಕ ಆರೋಗ್ಯ, ಪರಿಸರ, ಅರಣ್ಯ, ನಗರ ಯೋಜನೆ, ಸಮಾಜಕಾರ್ಯ, ವಸ್ತುಸಂಗ್ರಹಾಲಯ ನಿರ್ವಹಣೆ ಮುಂತಾದ ವಿಷಯಗಳನ್ನು ಓದುವವರ ಸ್ಥಿತಿ ಬೇರೆ. ಅವರನ್ನು ತೆಗೆದುಕೊಳ್ಳುವ ಸೇವಾ ಸಂಸ್ಥೆಗಳ ಬಳಿಯಾಗಲಿ, ಸಣ್ಣ ಸಾರ್ವಜನಿಕ ಕಚೇರಿಗಳ ಬಳಿಯಾಗಲಿ ಕೊಡಲು ಹಣವಿರುವುದಿಲ್ಲ. ಅಷ್ಟೇಕೆ, ವಿಶ್ವಸಂಸ್ಥೆಯ ಸಚಿವಾಲಯ ಕೂಡ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ವಾಸ, ಊಟ, ಪ್ರಯಾಣದ ಖರ್ಚನ್ನು ವಿದ್ಯಾರ್ಥಿಯೇ ನೋಡಿಕೊಳ್ಳಬೇಕು. ಹೀಗಾಗಿ ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಒಳ್ಳೆಯ ಅನುಭವ ದಕ್ಕುತ್ತದೆ, ಉಳಿದವರು ಕ್ಯಾಂಪಸ್ಸಿನ ಊಟದ ಹಾಲ್‌ನಲ್ಲೋ ಗ್ರಂಥಾಲಯದಲ್ಲೋ ಗಂಟೆ ಲೆಕ್ಕದ ಕೆಲಸ ಮಾಡಿಕೊಂಡು ರಜೆ ಕಳೆಯುತ್ತಾರೆ. ಈ ಕೊರತೆ ತುಂಬಲೆಂದು ವಿಶ್ವವಿದ್ಯಾಲಯಗಳ ವಿಭಾಗಗಳು, ಸ್ನಾತಕೋತ್ತರ ಶಾಲೆಗಳು, ಹಳೆಯ ವಿದ್ಯಾರ್ಥಿಗಳ ನಿಧಿಗಳು ಇಂಟರ್ನ್‌ಶಿಪ್ ಫೆಲೋಶಿಪ್ ಇಟ್ಟಿರುತ್ತವೆ. ಕೆಲಸ ಕೊಡುವ ಸಂಸ್ಥೆ ಬಿಡಿಗಾಸು ಕೊಡಬೇಕಾಗಿಲ್ಲ, ವಿದ್ಯಾರ್ಥಿಯ ಜೀವನ ವೆಚ್ಚವನ್ನೂ ಕೆಲವೊಮ್ಮೆ ಪ್ರಯಾಣದ ವೆಚ್ಚವನ್ನೂ ವಿಶ್ವವಿದ್ಯಾಲಯವೇ ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹೆಸರಾಂತ ಸ್ನಾತಕೋತ್ತರ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಸಿಗುವಂಥದ್ದು. ಅಲ್ಲಿನ ಕೇಂದ್ರ ಸರ್ಕಾರದ ಕಚೇರಿಗಳ ಇಂಟರ್ನ್‌ಶಿಪ್‌ಗಳೂ ಬಹುಮಟ್ಟಿಗೆ ಪ್ರಜೆಗಳಿಗೇ ಮೀಸಲು. ಆದ್ದರಿಂದ ಹೊರದೇಶದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಈ ಸ್ವಂತ ನಿಧಿಯೇ ಮುಖ್ಯ ಆಸರೆ.

ಹಣ ಸಿಕ್ಕರೂ ವೀಸಾ ನಿಯಮ ಅಡ್ಡ ಬರುತ್ತದೆ. ಅಮೆರಿಕದ ಎಫ್-1 ವೀಸಾದಲ್ಲಿರುವ ವಿದ್ಯಾರ್ಥಿ ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಕ್ಯಾಂಪಸ್ಸಿನ ಹೊರಗೆ, ಓದಿಗೆ ಸಂಬಂಧಿಸಿದ ಇಂಟರ್ನ್‌ಶಿಪ್ ಮಾಡಬೇಕಾದರೆ ಸಿಪಿಟಿ ಎಂಬ ಅನುಮತಿ ಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿದಿರಬೇಕು. ಪೂರ್ಣಾವಧಿಯ ಸಿಪಿಟಿಯನ್ನು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಳಸಿದರೆ, ಪದವಿ ಮುಗಿದ ಮೇಲೆ ಕೆಲಸದ ಅನುಭವಕ್ಕೆಂದು ಸಿಗುವ 12 ತಿಂಗಳ ಒಪಿಟಿಯ ಅವಕಾಶವೇ ತಪ್ಪಿಹೋಗುತ್ತದೆ. ವಿಜ್ಞಾನ, ತಂತ್ರಜ್ಞಾನ, ಗಣಿತದ ವಿದ್ಯಾರ್ಥಿಗಳಿಗೆ ಅದರ ಮೇಲೆ ದೊರೆಯುವ 24 ತಿಂಗಳ ವಿಸ್ತರಣೆಯೂ ಅದರೊಂದಿಗೇ ಹೋಗುತ್ತದೆ. ಜರ್ಮನಿಯ ರೀತಿ ಬೇರೆ. ಅಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನದ ದುಡಿಮೆಗೆ ಅವಕಾಶವಿದ್ದು, ಪಠ್ಯಕ್ರಮವೇ ಕಡ್ಡಾಯ ಮಾಡಿರುವ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಸೇರುವುದಿಲ್ಲ, ಸ್ವಇಚ್ಛೆಯಿಂದ ಮಾಡುವಂಥದ್ದು ಸೇರುತ್ತದೆ. ಇಂಥ ನಿಯಮಗಳು ಸರ್ಕಾರ ಬದಲಾದಂತೆ ಬದಲಾಗುವುದರಿಂದ ಏಜೆಂಟರ ಮಾತಿಗಿಂತ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಮಾತನ್ನು ನಂಬುವುದು ಕ್ಷೇಮ. ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.

ನನ್ನ ಪತ್ರದ ಮುಖ್ಯ ವಿಷಯ ಇಲ್ಲಿಂದ ಶುರುವಾಗುತ್ತದೆ. ಈ ಕೆಲಸದ ಅನುಮತಿಯ ನಿರ್ಬಂಧವೆಲ್ಲ ಆ ದೇಶದೊಳಗೆ ಮಾಡುವ ಕೆಲಸಕ್ಕೆ ಸಂಬಂಧಿಸಿದ್ದು. ವಿದ್ಯಾರ್ಥಿ ಬೇಸಿಗೆ ರಜೆಯಲ್ಲಿ ತಾಯ್ನಾಡಿಗೆ ಬಂದು ಇಲ್ಲಿನ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಅಮೆರಿಕದ ಕೆಲಸದ ಅನುಮತಿಯನ್ನು ಖರ್ಚು ಮಾಡಬೇಕಾಗುವುದಿಲ್ಲ. ಮರಳಿ ಹೋಗಲು ವೀಸಾ ಚಾಲ್ತಿಯಲ್ಲಿರಬೇಕು, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಇರಬೇಕು, ಅಷ್ಟನ್ನು ಹೊರಡುವ ಮೊದಲೇ ನೋಡಿಕೊಂಡಿರಬೇಕು. ಹಲವು ಫೆಲೋಶಿಪ್‌ಗಳ ನಿಯಮಗಳು ಹೊರದೇಶದಲ್ಲಿ ಮಾಡುವ ಇಂಟರ್ನ್‌ಶಿಪ್‌ಗೂ ಹಣ ಕೊಡಲು ಒಪ್ಪುತ್ತವೆ. ನಮ್ಮೂರ ಹುಡುಗಿಗೆ ಶಿರಸಿಯೇ ಆ ಹೊರದೇಶ!

ಅವರ ಬೇಸಿಗೆ ನಮಗೆ ಮಳೆಗಾಲ. ಈ ಜಿಲ್ಲೆಯಲ್ಲಿ ಕಲಿಯಲು, ಕೈಜೋಡಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ಮಣ್ಣು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಭೂವಿಜ್ಞಾನವನ್ನೋ ಜಲವಿಜ್ಞಾನವನ್ನೋ ಓದುವ ವಿದ್ಯಾರ್ಥಿಯೊಬ್ಬ ಎರಡು ತಿಂಗಳು ಇಲ್ಲಿದ್ದು, ಹೆದ್ದಾರಿಗೆಂದು ಕಡಿದ ಗುಡ್ಡಗಳ ಇಳಿಜಾರು, ನೀರು ಹರಿದುಹೋಗುವ ದಾರಿ, ಬಿರುಕುಗಳನ್ನು ಮಳೆಯ ಅಳತೆಯ ಜೊತೆಗಿಟ್ಟು ದಾಖಲಿಸಿದರೆ ಗ್ರಾಮ ಪಂಚಾಯಿತಿಗೆ ಬಳಕೆಗೆ ಬರುವ ನಕ್ಷೆಯೊಂದು ಸಿಕ್ಕೀತು. ಘಟ್ಟದ ಮೇಲೆ ತೋಟಿಗರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಲು ಮಳೆಯ ಬಿಡುವು ಕಾಯುತ್ತಿರುವುದೂ ಇದೇ ತಿಂಗಳುಗಳಲ್ಲಿ, ಎಲೆಚುಕ್ಕಿ ರೋಗ ಯಾವ ತೋಟದಿಂದ ಯಾವ ತೋಟಕ್ಕೆ ಹಬ್ಬುತ್ತಿದೆ ಎಂದು ಸುತ್ತಾಡಿ ನೋಡಬೇಕಾಗಿರುವುದೂ ಆಗಲೇ. ಸಸ್ಯರೋಗಶಾಸ್ತ್ರದ ವಿದ್ಯಾರ್ಥಿಗೆ ಪ್ರಯೋಗಾಲಯದಲ್ಲಿ ಸಿಗದ ಪಾಠ ಇಲ್ಲಿನ ಅಡಿಕೆ ತೋಟಗಳಲ್ಲಿದೆ.

ಕರಾವಳಿಗೆ ಇಳಿದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ ನಿಂತಿರುವ ಆ 61 ದಿನಗಳಲ್ಲಿ ಮೀನುಗಾರರಿಗೂ ಕುಳಿತು ಮಾತಾಡಲು ಪುರುಸೊತ್ತಿರುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಉಪ್ಪುನೀರು ನುಗ್ಗುವ ಗಜನಿ ಭೂಮಿ, ಕಾಂಡ್ಲಾ ವನ, ಚಿಪ್ಪು ಆರಿಸಿ ಬದುಕುವ ಕುಟುಂಬಗಳು, ಸಾಣಿಕಟ್ಟೆಯ ಉಪ್ಪಿನ ಆಗರ, ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತ ಇವುಗಳಲ್ಲಿ ಒಂದೊಂದೂ ಒಂದು ಇಂಟರ್ನ್‌ಶಿಪ್‌ಗೆ ಸಾಕಾಗುವಷ್ಟು ವಿಷಯ. ಮಾರ್ಗದರ್ಶನಕ್ಕೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಘಟ್ಟದ ಮೇಲೆ ಶಿರಸಿಯ ಅರಣ್ಯ ಮಹಾವಿದ್ಯಾಲಯವಿದೆ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕನ್ನು ಎಷ್ಟು ಕಾಡಿದೆಯೆಂಬುದು ಗೊತ್ತಿರುವ ವಿಚಾರ. ಅದನ್ನು ಹರಡುವ ಉಣುಗಿನ ಹಾವಳಿ ಚಳಿಗಾಲದಿಂದ ಬೇಸಿಗೆಯವರೆಗಿನದು, ಮಳೆ ಬಿದ್ದ ಮೇಲೆ ಇಳಿಯುತ್ತದೆ. ಹಾಗಾಗಿ ಕಳೆದ ಋತುವಿನ ದಾಖಲೆಗಳನ್ನು ಊರುವಾರು ಜೋಡಿಸಿ ಮುಂದಿನ ಋತುವಿಗೆ ತಯಾರಾಗುವ ಕೆಲಸಕ್ಕೆ ಜೂನ್, ಜುಲೈ ಹೇಳಿ ಮಾಡಿಸಿದ ಕಾಲ; ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಇಂಥ ಕ್ಷೇತ್ರಾನುಭವ ಕಡ್ಡಾಯವೂ ಹೌದು. (ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗಳನ್ನು ನಾನು ಬೇಕೆಂದೇ ಹೆಸರಿಸಿಲ್ಲ. ಅಲ್ಲಿನ ಭದ್ರತಾ ನಿಯಮಗಳೇ ಬೇರೆ.)

ಹೀಗೆ ಕೆಲಸವೂ ಇದೆ, ಮಾರ್ಗದರ್ಶಕರೂ ಇದ್ದಾರೆ, ಹಣ ಹೊರಗಿನಿಂದ ಬರುತ್ತದೆ. ಎಲ್ಲವೂ ನಿಲ್ಲುವುದು ಒಂದು ಕಾಗದದ ಬಳಿ. ಫೆಲೋಶಿಪ್‌ಗೆ ಅರ್ಜಿ ಹಾಕುವಾಗ, ಆತಿಥ್ಯ ವಹಿಸುವ ಸಂಸ್ಥೆ ತನ್ನ ಲೆಟರ್‌ಹೆಡ್ ಮೇಲೆ ಪತ್ರ ಕೊಡಬೇಕಾಗುತ್ತದೆ. ಕೆಲಸ ಯಾವ ದಿನ ಆರಂಭವಾಗಿ ಯಾವ ದಿನ ಮುಗಿಯುತ್ತದೆ, ವಾರಕ್ಕೆ ಎಷ್ಟು ಗಂಟೆ, ಕೆಲಸದ ಸ್ವರೂಪವೇನು, ಮೇಲ್ವಿಚಾರಕರು ಯಾರು, ಕೊನೆಯಲ್ಲಿ ಮೌಲ್ಯಮಾಪನ ಬರೆದುಕೊಡುವಿರಾ ಎಂಬಷ್ಟೇ ಅದರಲ್ಲಿರಬೇಕು. ನನ್ನ ಪರಿಚಿತರೊಬ್ಬರ ಮಗಳು, ಸಾರ್ವಜನಿಕ ಆರೋಗ್ಯ ಓದುತ್ತಿರುವವಳು, ಜಿಲ್ಲೆಯ ಕಚೇರಿಯೊಂದಕ್ಕೆ ಇಂಥ ಪತ್ರಕ್ಕಾಗಿ ಬರೆದಳು. ‘ಮೇಲಿನವರಿಂದ ಆದೇಶ ತನ್ನಿ’ ಎಂಬ ಉತ್ತರ ಬಂತು. ಮೇಲಿನವರನ್ನು ಕೇಳಿದರೆ, ಅದು ಕೆಳಗಿನ ಕಚೇರಿಯ ವಿವೇಚನೆಗೆ ಬಿಟ್ಟದ್ದೆಂದರು. ಅವಳ ತಂದೆ ಫೈಲು ಎಲ್ಲಿದೆಯೆಂದು ವಿಚಾರಿಸುತ್ತ ಓಡಾಡುತ್ತಿದ್ದಾಗಲೇ ಅರ್ಜಿಯ ಗಡುವು ಮುಗಿಯಿತು. ಯಾರೂ ದುರುದ್ದೇಶದಿಂದ ಹಾಗೆ ಮಾಡಿದರೆಂದು ನಾನು ಹೇಳಲಾರೆ. ಇಂಥ ಕೋರಿಕೆಗೆ ಉತ್ತರಿಸುವುದು ಯಾರ ಕೆಲಸವೆಂದು ಎಲ್ಲೂ ಬರೆದಿಲ್ಲ, ಬರೆಯದ ಕೆಲಸಕ್ಕೆ ಸಹಿ ಹಾಕಲು ನಮ್ಮ ಕಚೇರಿಗಳಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ಬ್ಯಾಂಕಿನಲ್ಲಿ ನಾವೂ ಬಹುತೇಕ ಹೀಗೆಯೇ ಇದ್ದೆವು.

ಆದ್ದರಿಂದ ಜಿಲ್ಲಾಡಳಿತ, ಜಿಲ್ಲಾ ಪಂಚಾಯಿತಿ ಹಾಗೂ ಮೇಲೆ ಹೇಳಿದ ಸಂಸ್ಥೆಗಳು ತಂತಮ್ಮಲ್ಲಿ ಒಬ್ಬ ಅಧಿಕಾರಿಯನ್ನು ಇದಕ್ಕೆ ಗೊತ್ತುಪಡಿಸಬೇಕು, ಪತ್ರದ ಮಾದರಿಯೊಂದನ್ನು ಸಿದ್ಧವಾಗಿಟ್ಟುಕೊಳ್ಳಬೇಕು, ಮನವಿ ಬಂದ ಹದಿನೈದು ದಿನಗಳಲ್ಲಿ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತಿಳಿಸಬೇಕು. ಆಗುವುದಿಲ್ಲವೆಂದರೂ ತೊಂದರೆಯಿಲ್ಲ, ವಿದ್ಯಾರ್ಥಿ ಬೇರೆ ಕಡೆ ನೋಡಿಕೊಳ್ಳುತ್ತಾನೆ. ಉತ್ತರವೇ ಬಾರದಿರುವುದು ಕಷ್ಟ. ಸಹಕಾರಿ ಸಂಘಗಳಿಗೂ ಇದೇ ವಿನಂತಿ. 1923ರಲ್ಲಿ ಆರಂಭವಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಸಂಸ್ಥೆಯ ವಹಿವಾಟು, ಭೌಗೋಳಿಕ ಸೂಚ್ಯಂಕ ಪಡೆದ ಶಿರಸಿ ಅಡಿಕೆಯ ಮಾರುಕಟ್ಟೆ ಇವು ಕೃಷಿ ಅರ್ಥಶಾಸ್ತ್ರವನ್ನೋ ವ್ಯವಹಾರ ನಿರ್ವಹಣೆಯನ್ನೋ ಓದುವವರಿಗೆ ಅಧ್ಯಯನಕ್ಕೆ ಯೋಗ್ಯ ವಸ್ತುಗಳು.

ಇಲ್ಲೇ ಓದುವ ಮಕ್ಕಳಿಗೆ ಇಂಟರ್ನ್‌ಶಿಪ್ ಸಿಗದಿರುವಾಗ ವಿದೇಶದಲ್ಲಿರುವವರ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕೇಂದ್ರ ಸರ್ಕಾರ 2024ರ ಬಜೆಟ್‌ನಲ್ಲಿ ಘೋಷಿಸಿದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ಆಗ ತಿಂಗಳಿಗೆ 5,000 ರೂಪಾಯಿಯ ನೆರವಿನದಾಗಿತ್ತು, ಅದೂ ದೊಡ್ಡ ಕಂಪನಿಗಳನ್ನು ನೆಚ್ಚಿಕೊಂಡಿರುವುದು. ನಮ್ಮ ಜಿಲ್ಲೆಯಲ್ಲಿ ಅಂಥ ಕಂಪನಿಗಳೆಷ್ಟಿವೆ? ಹೊರಗಿನಿಂದ ಬರುವ ವಿದ್ಯಾರ್ಥಿ ತನ್ನ ಖರ್ಚನ್ನು ತಾನೇ ತರುವುದರಿಂದ ಇಲ್ಲಿನವರ ಪಾಲಿನ ಹಣಕ್ಕೆ ಕೈಹಾಕುವುದಿಲ್ಲ. ಪ್ರತಿ ಕೆಲಸದಲ್ಲೂ ಸ್ಥಳೀಯ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಜೊತೆಗೂಡಿಸಬೇಕೆಂಬ ಷರತ್ತು ಹಾಕಿದರೆ ಇಬ್ಬರಿಗೂ ಒಳ್ಳೆಯದು. ವಿದೇಶಕ್ಕೆ ಹೋಗುವವರೆಲ್ಲ ಉಳ್ಳವರೆಂಬ ಮಾತೂ ನಿಜವಲ್ಲ. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಗಳ ನೆರವಿನಿಂದ ಹೋಗುವ ಪರಿಶಿಷ್ಟ ಸಮುದಾಯಗಳ ಮಕ್ಕಳಿದ್ದಾರೆ, ಮನೆ ಅಡವಿಟ್ಟು ಸಾಲ ಮಾಡಿ ಕಳಿಸಿದ ಕುಟುಂಬಗಳಿವೆ.

ಇನ್ನೊಂದು ಅನುಮಾನ ನನಗೂ ಇದೆ. ಎರಡು ತಿಂಗಳು ಬಂದು, ಮಾಹಿತಿ ಸಂಗ್ರಹಿಸಿಕೊಂಡು, ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಹೊರಟುಹೋಗುವವರನ್ನು ಪಶ್ಚಿಮ ಘಟ್ಟ ಸಾಕಷ್ಟು ಕಂಡಿದೆ. ಇದಕ್ಕೆ ಸಂಸ್ಥೆ ಕೊಡುವ ಪತ್ರದಲ್ಲೇ ಉಪಾಯವಿದೆ: ಹೊರಡುವ ಮುನ್ನ ಕನ್ನಡದಲ್ಲಿ ಒಂದು ವರದಿಯನ್ನು ಸಂಸ್ಥೆಗೂ ಸಂಬಂಧಿಸಿದ ಗ್ರಾಮ ಪಂಚಾಯಿತಿಗೂ ಸಲ್ಲಿಸಿದ ಬಳಿಕವೇ ಮೌಲ್ಯಮಾಪನದ ಪತ್ರಕ್ಕೆ ಸಹಿ ಎಂದು ಬರೆದರಾಯಿತು. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಭಾರವಾಗಲಾರದು.

ಪಾಲಕರಿಗೂ ಒಂದೆರಡು ಮಾತು ಹೇಳಬೇಕಿದೆ. ಶಿಕ್ಷಣ ಸಾಲದ ಮರುಪಾವತಿ ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ನಂತರ ಆರಂಭವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆಂದು ಬೇರೊಂದು ನಗರದಲ್ಲಿ ಮೂರು ತಿಂಗಳು ಬಾಡಿಗೆಗಿದ್ದರೆ ಆ ಖರ್ಚು ಸಾಲದ ಅಂದಾಜಿನಲ್ಲಿ ಸೇರಿರುವುದಿಲ್ಲ, ಊರಿನಿಂದಲೇ ಹೋಗಬೇಕು. ಅಮೆರಿಕದೊಳಗಿನ ಇಂಟರ್ನ್‌ಶಿಪ್‌ಗೆ ಫೆಲೋಶಿಪ್ ಸಿಕ್ಕರೂ ಎಫ್-1 ವಿದ್ಯಾರ್ಥಿಗಳಿಗೆ ಕೊಡುವಾಗ ಅದರಲ್ಲಿ ಸಾಮಾನ್ಯವಾಗಿ ಶೇ 14ರಷ್ಟು ತೆರಿಗೆ ಮುರಿದುಕೊಳ್ಳುತ್ತಾರೆಂಬುದು ಗಮನದಲ್ಲಿರಲಿ. ಪ್ರವೇಶಪತ್ರ ಬಂದ ಕೂಡಲೇ, ಹೊರದೇಶದ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಫೆಲೋಶಿಪ್ ಇದೆಯೇ, ತಾಯ್ನಾಡಿನಲ್ಲಿ ಮಾಡಿದರೂ ನಡೆಯುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ವಿಭಾಗಕ್ಕೆ ಮಕ್ಕಳ ಕೈಯಿಂದಲೇ ಬರೆಸಿ ಕೇಳಬೇಕು.

ಬೇಸಿಗೆಯ ಫೆಲೋಶಿಪ್‌ಗಳಿಗೆ ಅರ್ಜಿ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲೇ ಹೋಗಬೇಕಿರುವುದರಿಂದ ಇಲ್ಲಿನ ಸಂಸ್ಥೆಗಳು ಡಿಸೆಂಬರ್ ಒಳಗೆ ತಮ್ಮ ನಿಲುವನ್ನು ತಿಳಿಸಿದರೆ ಮಾತ್ರ ಪ್ರಯೋಜನ. ಇಂಥ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಒಪ್ಪುವ ಸಂಸ್ಥೆಗಳ ಹೆಸರು, ಕೆಲಸದ ವಿವರ ಮತ್ತು ಸಂಪರ್ಕಿಸಬೇಕಾದ ಅಧಿಕಾರಿಯ ಹುದ್ದೆಯನ್ನು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಶಿರಸಿ, ಉತ್ತರ ಕನ್ನಡ