ಪೆಟ್ಟಿಗೆ ರಿಪೇರಿಗೆ ಇನ್ನು ಮೂರು ದಿನ ಸಾಲದು

ದಾವಣಗೆರೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಹಳೆಯ ಗಿಟಾರ್ ಆಂಪ್ಲಿಫೈಯರ್‌ನ ಮರದ ಪೆಟ್ಟಿಗೆಯನ್ನು ಸೋಮವಾರ ತಂದುಕೊಟ್ಟು ಗುರುವಾರದ ಕಾರ್ಯಕ್ರಮಕ್ಕೆ ಒಯ್ಯುವುದು ನಮ್ಮ ಅಂಗಡಿಯಲ್ಲಿ ಬಹಳ ಕಾಲದ ರೂಢಿ. ಬರುವ ತಿಂಗಳ 1ರಿಂದ ಅದು ಆಗುವುದಿಲ್ಲ. ಒಂದು ಪೆಟ್ಟಿಗೆಗೆ ಮೂರರಿಂದ ಐದು ವಾರ ಬೇಕಾಗುತ್ತದೆ, ಕೂಲಿಯೂ ಏರುತ್ತದೆ. ಕಾರಣ ಹೇಳದೆ ದರ ಏರಿಸಿದರೆ ನೀವು ಬೈಯುತ್ತೀರಿ, ಬೈಯಬೇಕಾದದ್ದೇ. ಅದಕ್ಕೇ ಈ ಪತ್ರ.

ತಪ್ಪು ನಮ್ಮದು. ಕಳೆದ ಮಳೆಗಾಲದಲ್ಲಿ ಆರ್ಕೆಸ್ಟ್ರಾ ತಂಡವೊಂದರ ಪೆಟ್ಟಿಗೆ ಕೆಳಮೂಲೆ ಕೊಳೆತು ಬಂದಿತ್ತು. ಮೆತ್ತಗಾದಷ್ಟನ್ನು ಕೆರೆದು, ಗರಗಸದ ಪುಡಿಗೆ ಫೆವಿಕಾಲ್ ಕಲಸಿ ತುಂಬಿ, ಮೇಲೆ ಕಪ್ಪು ರೆಕ್ಸಿನ್ ಎಳೆದು ಕೊಟ್ಟೆವು. ಬೇಸಿಗೆಯಲ್ಲಿ ಹರಿಹರದ ಒಂದು ಮದುವೆ ಮನೆಯಲ್ಲಿ ಇಬ್ಬರು ಹುಡುಗರು ಅದನ್ನು ಎತ್ತಿದಾಗ ಆ ಮೂಲೆ ನೆಲದಲ್ಲೇ ಉಳಿಯಿತು. ವಾಪಸು ಬಂದ ಪೆಟ್ಟಿಗೆಯ ರೆಕ್ಸಿನ್ ಬಿಚ್ಚಿದೆವು. ನಾವು ತುಂಬಿದ್ದು ಬೆಲ್ಲದ ಅಚ್ಚಿನಂತೆ ಇಡಿಯಾಗಿ ಕೈಗೆ ಬಂತು; ಅದರ ಹಿಂದಿನ ಮರವನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಮರ ಮಳೆಯಲ್ಲಿ ಎಳೆಗೆ ಅಡ್ಡವಾಗಿ ಉಬ್ಬುತ್ತದೆ, ಬಿಸಿಲಲ್ಲಿ ಕುಗ್ಗುತ್ತದೆ. ತುಂಬಿದ ಗಟ್ಟಿ ಹಾಗೆ ಕದಲುವುದಿಲ್ಲ. ನಡುವೆ ಸಂದು ಬಿಡುತ್ತದೆ, ಸಂದಿನಲ್ಲಿ ತೇವ ನಿಲ್ಲುತ್ತದೆ, ಕೊಳೆಯುವ ಕೆಲಸ ರೆಕ್ಸಿನ್ ಮರೆಯಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಆ ತಂಡದವರ ಹಣ ಹಿಂದಿರುಗಿಸಿದ್ದೇವೆ.

ಇನ್ನು ಮುಂದೆ ತುಂಬುವ ಕೆಲಸವೇ ಇಲ್ಲ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಉಳಿಯಿಂದ ತೆಗೆದು, ಅದೇ ಜಾತಿಯ ಮರದ ತೇಪೆಯನ್ನು ಎಳೆಗೆ ಎಳೆ ಸೇರುವಂತೆ ಕೂರಿಸುತ್ತೇವೆ. ಆದರೆ ಒದ್ದೆ ಹಲಗೆಗೆ ಒಣ ತೇಪೆ ಹಾಕಿದರೆ, ಹಲಗೆ ಒಣಗಿದ ಮೇಲೆ ತೇಪೆ ಮಾತ್ರ ಎದ್ದು ನಿಲ್ಲುತ್ತದೆ. ಮಲೆನಾಡಿನ ಕಡೆಯಿಂದ ಬರುವ ಪೆಟ್ಟಿಗೆಗಳಲ್ಲಿ ಈ ಪಾಡು ಹೆಚ್ಚು. ಹಾಗಾಗಿ ಪ್ರತಿ ಪೆಟ್ಟಿಗೆಯನ್ನೂ ನೆರಳಿನಲ್ಲಿ ಇಟ್ಟು, ದಿನಾ ಬೆಳಿಗ್ಗೆ ತಕ್ಕಡಿಗೆ ಹಾಕಿ, ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ತೂಕ ಇಳಿಯುವುದು ನಿಂತ ಮೇಲೆಯೇ ಉಳಿ ಹಿಡಿಯುವುದು. ಬಿಸಿಲಿಗಿಟ್ಟು ಬೇಗ ಮುಗಿಸಿ ಎನ್ನಬೇಡಿ, ಹಲಗೆ ಸೀಳುತ್ತದೆ.

ಬಹಳ ಜನ ತೇಗ ಹಾಕಿ ಎನ್ನುತ್ತಾರೆ. ಬೇಡ. 1950ರ ದಶಕದ ಫೆಂಡರ್ ಕಂಪನಿಯ ಆಂಪ್ಲಿಫೈಯರ್ ಪೆಟ್ಟಿಗೆಗಳು ಪೈನ್ ಹಲಗೆಯವು, ಇನ್ನೊಂದು ಕಂಪನಿ ಮಾರ್ಷಲ್‌ನವು ಹೆಚ್ಚಾಗಿ ಬರ್ಚ್ ಪ್ಲೈವುಡ್‌ನವು. ತೇಗಕ್ಕೆ ಭಾರ ಹೆಚ್ಚು, ಅದರೊಳಗಿನ ಎಣ್ಣೆ ಅಂಟನ್ನು ಸುಲಭವಾಗಿ ಹಿಡಿಯಗೊಡುವುದಿಲ್ಲ. ಯಂತ್ರಗಳು ಬರುವ ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಈ ಕೆಲಸಕ್ಕೆ ಚೆನ್ನ. ಗುಜರಿಯಲ್ಲಿ ಕಂಡದ್ದನ್ನೆಲ್ಲ ಕೊಂಡು ಅಟ್ಟದ ಮೇಲೆ ಕೂಡಿಡುತ್ತಿದ್ದೇವೆ. ಮನೆಯವರು ನಗುತ್ತಾರೆ.

ಮೂಲೆಯ ಬೆಸುಗೆ ಸಡಿಲವಾದ ಪೆಟ್ಟಿಗೆಗಳಿಗೂ ಸಮಯ ಹಿಡಿಯುತ್ತದೆ. ಎರಡು ಕೈಗಳ ಬೆರಳು ಹೆಣೆದಂತೆ ಇರುವ ಆ ಫಿಂಗರ್ ಜಾಯಿಂಟಿನಲ್ಲಿ ಹಳೆಯ ಅಂಟಿನ ಪದರ ಉಳಿದರೆ ಹೊಸ ಅಂಟು ಮರಕ್ಕೆ ತಲುಪುವುದೇ ಇಲ್ಲ. ಒಂದೊಂದು ಬೆರಳನ್ನೂ ಬಿಡಿಸಿ ಕೆರೆಯಬೇಕು. ಮೊಳೆ ಹೊಡೆದು ಬಿಗಿ ಮಾಡುವುದನ್ನು ಬಿಟ್ಟಿದ್ದೇವೆ. ಸ್ಕ್ರೂ ತೂತು ದೊಡ್ಡದಾದರೆ ಬೆಂಕಿಕಡ್ಡಿ ತುರುಕುವುದನ್ನೂ ಬಿಟ್ಟಿದ್ದೇವೆ. ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದರಲ್ಲೇ ಇರುವ ಕಾಂಬೊ ಪೆಟ್ಟಿಗೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಹೊತ್ತ ಲೋಹದ ಚೌಕಟ್ಟು, ಅಂದರೆ ಷಾಸಿ, ಸಾಮಾನ್ಯವಾಗಿ ಮೇಲಿನ ಹಲಗೆಗೇ ನೇತಾಡುತ್ತದೆ, ಕಡ್ಡಿಗಳ ನಂಬಿಕೆಯ ಮೇಲೆ ಅದನ್ನು ಬಿಡುವಂತಿಲ್ಲ. ಹಲಗೆಯ ಎಳೆಗೇ ಹೊಂದುವ ಮರದ ಬಿರಡೆ ಹಾಕಿ ಹೊಸದಾಗಿ ತೂತು ಕೊರೆಯುತ್ತೇವೆ.

ಒಂದು ಕಡೆ ಮಾತ್ರ ಹಳೆಯದನ್ನು ಉಳಿಸಲಾಗದು. 1960ರ ದಶಕದ ಹಲವು ಫೆಂಡರ್‌ಗಳಲ್ಲಿ ಸ್ಪೀಕರ್ ಕೂರುವ ಮುಂದಿನ ಹಲಗೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನಂತಾಗುವುದಿಲ್ಲ. ಅಷ್ಟೇ ದಪ್ಪದ ಪ್ಲೈವುಡ್ ಹಾಕಿ, ಹಳೆಯ ಹಲಗೆಯನ್ನು ನಿಮಗೇ ಕೊಡುತ್ತೇವೆ. ಮುಂದೆ ಮಾರುವಾಗ ತೋರಿಸಲು ಬೇಕಾಗುತ್ತದೆ.

ದಯವಿಟ್ಟು ಪೆಟ್ಟಿಗೆಯನ್ನು ಖಾಲಿ ಮಾಡಿಸಿ ತನ್ನಿ. ಗಾಜಿನ ವಾಲ್ವ್‌ಗಳಿರುವ ಆಂಪ್ಲಿಫೈಯರ್ ಸೆಟ್‌ನ ಪ್ಲಗ್ ತೆಗೆದ ಮೇಲೂ ವಿದ್ಯುತ್ ಕೂಡಿಡುವ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗೂ ಮೀರಿ ಉಳಿದಿರಬಹುದು. ನಾವು ಬಡಿಗರು, ಅದಕ್ಕೆ ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ. ಷಾಸಿ, ಸ್ಪೀಕರ್ ಎರಡನ್ನೂ ನಿಮ್ಮ ಮೆಕ್ಯಾನಿಕ್‌ರಿಂದಲೇ ಬಿಚ್ಚಿಸಿ.

ಮೂಲೆಯ ತೇಪೆಯೊಂದಕ್ಕೆ 1,800 ರೂಪಾಯಿ. ಉಳಿದ ಕೆಲಸದ ದರವನ್ನು ಪೆಟ್ಟಿಗೆ ನೋಡಿದ ಮೇಲೆ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಗಣೇಶನ ಹಬ್ಬಕ್ಕೆ ಬೇಕಾದವರು ಆಷಾಢದಲ್ಲೇ ತರುವುದು ಒಳ್ಳೆಯದು.

ಕಳೆದ ಎರಡು ವರ್ಷಗಳಲ್ಲಿ ನಮ್ಮಲ್ಲಿ ಮೂಲೆ ತುಂಬಿಸಿಕೊಂಡವರು ಆ ಜಾಗವನ್ನು ರೆಕ್ಸಿನ್ ಮೇಲಿಂದಲೇ ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಒಳಕ್ಕೆ ಹೋದರೆ ತನ್ನಿ, ಕೂಲಿ ಇಲ್ಲದೆ ಮಾಡಿಕೊಡುತ್ತೇವೆ. ರಸೀದಿ ಕಳೆದಿದ್ದರೂ ಪರವಾಗಿಲ್ಲ, ನಮ್ಮ ಕೈಯ ಕೆಲಸದ ಗುರುತು ನಮಗೆ ಸಿಗುತ್ತದೆ.

ಇಂತಿ,
ನಿಮ್ಮ ಮರಗೆಲಸದ ಅಂಗಡಿಯವರು